ನಾನಿರುವುದು ಸಿಯಾಟಲ್ ಪಕ್ಕದ ರೆಡ್ಮಂಡಿನಲ್ಲಿ. ಸಿಯಾಟಲ್ ಸುತ್ತಮುತ್ತ ಲೈಟ್ ರೈಲ್ (ಮೆಟ್ರೊದಂಥ ನಗರ ರೈಲು) ಸ್ಟೇಷನ್ ಪಕ್ಕದಲ್ಲೇ ಯಾಕಿಷ್ಟು ಅಪಾರ್ಟ್‌ಮೆಂಟ್? ಆ ಜಾಗದಲ್ಲಿ ಪಾರ್ಕಿಂಗ್ ಮಾಡಬಹುದಿತ್ತಲ್ವಾ?

ಬೇಡ, ಮನೆಗಳೇ ಬರಲಿ ಅಂತ ನಾನು ಹೇಳುತ್ತೇನೆ. ಸೌತ್ ಬೆಲ್‌ವ್ಯೂ ಸ್ಟೇಷನ್ನಿನ ಗ್ಯಾರೇಜಿನಲ್ಲಿ 1,500 ಕಾರು ನಿಲ್ಲುತ್ತವೆ. ಬೆಳಿಗ್ಗೆ ತುಂಬಿಬಿಟ್ಟರೆ ಅಲ್ಲಿಗೆ ಮುಗಿಯಿತು, ಆಮೇಲೆ ಬಂದವರಿಗೆ ಜಾಗವಿಲ್ಲ.

ಈಗ ನಡೆದು ಬರುವವರ ಲೆಕ್ಕ ಹಾಕಿ. ಸ್ಟೇಷನ್ನಿನಿಂದ ಅರ್ಧ ಮೈಲಿ ಅಂದರೆ ಹತ್ತು ನಿಮಿಷದ ನಡಿಗೆ. ಅಷ್ಟು ದೂರದೊಳಗೆ ಸುತ್ತಲೂ ಸುಮಾರು 500 ಎಕರೆ ಸಿಗುತ್ತದೆ. ಎಕರೆಗೆ 5 ಮನೆ ಇದ್ದರೆ 2,500 ಕುಟುಂಬ. 30 ಇದ್ದರೆ 15,000! ಇವರು ಆಫೀಸಿಗಷ್ಟೇ ಅಲ್ಲ, ಮಧ್ಯಾಹ್ನ ಡಾಕ್ಟರ ಹತ್ತಿರ ಹೋಗಲೂ ರೈಲು ಹತ್ತುತ್ತಾರೆ.

ರೂಸ್‌ವೆಲ್ಟ್ ಸ್ಟೇಷನ್ ಕಡೆ ಒಮ್ಮೆ ಹೋಗಿ ನೋಡಿ. ಸ್ಟೇಷನ್ ಕಟ್ಟುವಾಗ ಯಂತ್ರ, ಸಾಮಾನು ಇಟ್ಟುಕೊಂಡಿದ್ದ ಜಾಗದಲ್ಲಿ ಈಗ ಸೀಡರ್ ಕ್ರಾಸಿಂಗ್ ಅನ್ನುವ ಅಪಾರ್ಟ್‌ಮೆಂಟ್ ಇದೆ. ಕಡಿಮೆ ಆದಾಯದವರಿಗಾಗಿಯೇ 254 ಮನೆಗಳು, ಕೆಳಗೆ ಡೇಕೇರ್. ಮಗುವನ್ನು ಅಲ್ಲಿ ಬಿಟ್ಟು ಹಾಗೇ ರೈಲು ಹತ್ತಬಹುದು. ಇದು ಸುಮ್ನೆ ಆಗಿದ್ದಲ್ಲ. ಈ ರೈಲು ದಾರಿ ಕಟ್ಟುವ ಸೌಂಡ್ ಟ್ರಾನ್ಸಿಟ್ ಸಂಸ್ಥೆಗೆ ಬೇಕಾಗದೆ ಮಿಕ್ಕ, ಮನೆ ಕಟ್ಟಲು ತಕ್ಕ ಜಾಗದಲ್ಲಿ ಶೇ. 80ರಷ್ಟನ್ನು ಮೊದಲು ಕೈಗೆಟಕುವ ಮನೆ ಕಟ್ಟುವವರಿಗೇ ಕೊಡಬೇಕು ಅಂತ 2015ರಲ್ಲಿ ವಾಷಿಂಗ್ಟನ್ ರಾಜ್ಯ ಕಾನೂನು ಮಾಡಿತು. ನನಗಂತೂ ಈ ಕಾನೂನು ರೈಲಿನಷ್ಟೇ ಮುಖ್ಯ.

ಯಾಕೆಂದರೆ ರೈಲು ಬರುವ ಸುದ್ದಿಗೇ ಜಾಗದ ಬೆಲೆ ಏರುತ್ತದೆ. ಸಿಯಾಟಲ್ಲಿನ ದಕ್ಷಿಣ ಭಾಗದ ರೇನಿಯರ್ ವ್ಯಾಲಿಗೆ ರೈಲು ಬಂದದ್ದು 2009ರಲ್ಲಿ. ಕಪ್ಪು ಜನ, ವಿಯೆಟ್ನಾಂ ಮತ್ತು ಪೂರ್ವ ಆಫ್ರಿಕಾದಿಂದ ಬಂದವರು ನೆಲೆ ನಿಂತ ಕಡೆ ಅದು. ಬಾಡಿಗೆ ತಾಳಲಾರದೆ ಎಷ್ಟೋ ಮಂದಿ ದಕ್ಷಿಣಕ್ಕೆ ರೆಂಟನ್, ಕೆಂಟ್ ಕಡೆ ಹೋದರು. ರೈಲೊಂದನ್ನೇ ದೂರಿ ಪ್ರಯೋಜನವಿಲ್ಲ, ಇಡೀ ನಗರದಲ್ಲೇ ಮನೆಗಳ ಕೊರತೆ ಇದೆ. ಆದರೆ ರೈಲು ಯಾರಿಗೆ ಜಾಸ್ತಿ ಬೇಕೋ ಅವರೇ ಅದರಿಂದ ದೂರವಾದರೆ ಹೊಟ್ಟೆ ಉರಿಯುತ್ತದೆ.

2025ರಲ್ಲಿ ರಾಜ್ಯ ಇನ್ನೊಂದು ಕಾನೂನು ಮಾಡಿದೆ. ಸ್ಟೇಷನ್ ಸುತ್ತ ಒತ್ತಾಗಿ ಮನೆ ಕಟ್ಟಲು ನಗರಗಳು ಬಿಡಲೇಬೇಕು. ಪಾರ್ಕಿಂಗ್ ಇರಲೇಬೇಕು ಅಂತ ಬಿಲ್ಡರುಗಳನ್ನು ಸಾಮಾನ್ಯವಾಗಿ ಒತ್ತಾಯಿಸುವಂತಿಲ್ಲ. ನೆಲಮಾಳಿಗೆಯಲ್ಲಿ ಒಂದು ಕಾರಿಗೆ ಜಾಗ ಮಾಡಲು ಹತ್ತಾರು ಸಾವಿರ ಡಾಲರ್ ಬೀಳುತ್ತದೆ. ಕಾರಿಲ್ಲದವರೂ ಬಾಡಿಗೆಯಲ್ಲಿ ಅದನ್ನು ಯಾಕೆ ತೆರಬೇಕು ಹೇಳಿ?

ನೀವು ರೆಡ್ಮಂಡಿನಲ್ಲಿದ್ದೀರಿ ಅಂದಿರಿ. ಸ್ಟೇಷನ್ ಸುತ್ತಲಿನ ನಿಯಮದ ಬಗ್ಗೆ ಸಿಟಿ ಕೌನ್ಸಿಲ್ ಜನರ ಅಭಿಪ್ರಾಯ ಕೇಳಿದಾಗ ತಪ್ಪದೆ ಹೋಗಿ. ಬಾಡಿಗೆ ಮನೆಯವರು ಅಲ್ಲಿಗೆ ಬರುವುದು ತೀರಾ ಕಡಿಮೆ. ಎರಡು ನಿಮಿಷ ಮಾತಾಡಿದರೂ ಸಾಕು.