ತಂಗಿಗೆ ಲಗ್ಗೆರೆಯಲ್ಲಿ ಮನೆ ನೋಡಿದ್ದೇವೆ, ಅಲ್ಲಿ ಕ್ರೈಂ ಜಾಸ್ತಿ ಅಂತಾರೆ, ನಿಜವಾ?

ತಂಗಿಗೆ ಬೆಂಗಳೂರಿನ ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ, ಲಗ್ಗೆರೆಯಲ್ಲಿ ಬಾಡಿಗೆ ಮನೆ ನೋಡಿದ್ದೀರಿ, ಹಾಸನದಲ್ಲಿ ಯಾರೋ "ಆ ಏರಿಯಾ ಬೇಡ" ಅಂದಿದ್ದಾರೆ. ಅಲ್ಲಿನ ಕ್ರೈಂ ರೇಟ್ ಎಷ್ಟು, ಹುಡುಗಿ ಒಬ್ಬಳೇ ಇರಬಹುದಾ ಎಂದು ಕೇಳಿದ್ದೀರಿ. ನಾನು ಮದುವೆಯಾಗಿ ಬಂದಾಗಿನಿಂದ ಲಗ್ಗೆರೆಯಲ್ಲೇ ಇದ್ದೇನೆ. ಪೀಣ್ಯದಲ್ಲಿ ಕೆಲಸ ಮಾಡಿ, ಸೆಕೆಂಡ್ ಶಿಫ್ಟ್ ಮುಗಿಸಿ ನಡೆದುಕೊಂಡೇ ಮನೆಗೆ ಬಂದವಳು. ಇರಬಹುದು. ಆದರೆ ಏರಿಯಾ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಬೀದಿ ನೋಡಿ, ಅವಳು ಮನೆ ಸೇರುವ ಹೊತ್ತು ನೋಡಿ.

ಕ್ರೈಂ ರೇಟ್ ವಿಷಯ ಮೊದಲು ಹೇಳಿಬಿಡ್ತೇನೆ. ಪೇಪರಿನಲ್ಲಿ ಬರುವ ಅಂಕಿಗಳು ಎನ್‌ಸಿಆರ್‌ಬಿ, ಅಂದರೆ ದೇಶದ ಅಪರಾಧಗಳ ಲೆಕ್ಕ ಇಡುವ ಕೇಂದ್ರದ ಸಂಸ್ಥೆ, ಅದರ ವರದಿಯವು. ಅದರಲ್ಲಿ ಇಡೀ ಬೆಂಗಳೂರಿಗೆ ಒಂದೇ ಲೆಕ್ಕ. ಲಗ್ಗೆರೆ, ಜಯನಗರ ಎಂದು ಬೇರೆ ಬೇರೆ ಇರುವುದಿಲ್ಲ. ಒಂದು ಲಕ್ಷ ಜನಕ್ಕೆ ಎಷ್ಟು ಕೇಸು ಎಂಬುದೇ ರೇಟ್. ಮಹಾನಗರಗಳಿಗೆ ಅವರು ಹಿಡಿಯುವ ಜನಸಂಖ್ಯೆ 2011ರ ಜನಗಣತಿಯದು, ಅಂದರೆ ನಮ್ಮೂರಿಗೆ ಸುಮಾರು 85 ಲಕ್ಷ. ಆಮೇಲೆ ಇಲ್ಲಿಗೆ ಎಷ್ಟು ಜನ ಬಂದು ಸೇರಿದ್ದಾರೆ ಎಂದು ನಿಮಗೂ ಗೊತ್ತು. ಕೇಸು ಈಗಿನದು, ಜನ ಆಗಿನದು. ರೇಟ್ ಜಾಸ್ತಿ ಕಾಣದೆ ಇನ್ನೇನು? ಅದರ ಮೇಲೆ ಸೈಬರ್ ಕೇಸುಗಳು ಬೇರೆ. 2023ರಲ್ಲಿ ಬೆಂಗಳೂರಿನಲ್ಲಿ 17 ಸಾವಿರಕ್ಕೂ ಜಾಸ್ತಿ ದಾಖಲಾದವು, ದೇಶದ ಮಹಾನಗರಗಳಲ್ಲೇ ಮೊದಲ ಸ್ಥಾನ. ಮನೆಯಲ್ಲಿ ಕೂತವರ ಒಟಿಪಿ ಕೇಳಿ ದುಡ್ಡು ಹೊಡೆದದ್ದೂ ಅದೇ ಲೆಕ್ಕದಲ್ಲಿ ಸೇರುತ್ತದೆ. ನಿಮ್ಮ ತಂಗಿ ರಾತ್ರಿ ನಡೆಯುವ ರಸ್ತೆ ಹೇಗಿದೆ ಎಂದು ಆ ಅಂಕಿ ಹೇಳುವುದಿಲ್ಲ.

ಲಗ್ಗೆರೆ ಅಂದರೆ ಮೂಗು ಮುರಿಯುವವರಿದ್ದಾರೆ. ಇಲ್ಲಿರುವವರು ಹೆಚ್ಚಾಗಿ ಗಾರ್ಮೆಂಟ್ಸ್‌ಗೆ ಹೋಗುವವರು, ಫ್ಯಾಕ್ಟರಿ ಕೆಲಸದವರು, ಆಟೋ ಓಡಿಸುವವರು. ಸಣ್ಣ ಮನೆಗಳು, ಒತ್ತೊತ್ತಾಗಿವೆ. ಬಡವರ ಏರಿಯಾ ಅಂದ ಮೇಲೆ ಕಳ್ಳರ ಏರಿಯಾ ಎಂದು ಮಾತಾಡುವುದು ನನಗೆ ತುಂಬಾ ನೋವಾಗುತ್ತದೆ. ನನ್ನ ಅನುಭವದಲ್ಲಿ ಈ ಒತ್ತಾದ ಬೀದಿಗಳೇ ಧೈರ್ಯ ಕೊಡುತ್ತವೆ. ರಾತ್ರಿ ಹತ್ತಕ್ಕೂ ಯಾರೋ ಬಾಗಿಲಲ್ಲಿ ಕೂತು ಮಾತಾಡುತ್ತಿರುತ್ತಾರೆ, ಬೇಕರಿ ತೆಗೆದಿರುತ್ತದೆ. ಕೂಗಿದರೆ ಹತ್ತು ಜನ ಹೊರಗೆ ಬರ್ತಾರೆ.

ಭಯ ಇರುವುದು ನಡುವಿನ ದಾರಿಯಲ್ಲಿ. ಪೀಣ್ಯದ ಒಳಗೆ ಫ್ಯಾಕ್ಟರಿ ಕಾಂಪೌಂಡ್‌ಗಳು ಉದ್ದಕ್ಕೂ ಇವೆ. ಒಂದು ಕಿಟಕಿ ಇಲ್ಲ, ಒಂದು ಅಂಗಡಿ ಇಲ್ಲ. ಶಿಫ್ಟ್ ಬಿಟ್ಟಾಗ ಜನ ಇರ್ತಾರೆ, ಅರ್ಧ ಗಂಟೆ ಕಳೆದರೆ ಯಾರೂ ಇಲ್ಲ. ಲಾರಿಗಳು ಸಾಲಾಗಿ ನಿಂತಿರುತ್ತವೆ, ಅವುಗಳ ಹಿಂದೆ ಬೀದಿದೀಪದ ಬೆಳಕು ಬೀಳುವುದಿಲ್ಲ. ರಿಂಗ್ ರೋಡ್ ಪಕ್ಕದ ಸರ್ವಿಸ್ ರಸ್ತೆಯೂ ಹಾಗೆಯೇ. ಅಲ್ಲಿ ಫೋನ್ ಕಿವಿಗಿಟ್ಟುಕೊಂಡು ನಡೆದರೆ ಹಿಂದಿನಿಂದ ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗ್ತಾರೆ. ಹಾಗಾಗಿ ಮನೆಯನ್ನು ಭಾನುವಾರ ಹಗಲು ನೋಡಿ ಒಪ್ಪಬೇಡಿ. ಅವಳ ಶಿಫ್ಟ್ ಬಿಡುವ ಹೊತ್ತಿಗೆ ಫ್ಯಾಕ್ಟರಿ ಗೇಟಿನಿಂದ ಮನೆವರೆಗೆ ನೀವಿಬ್ಬರೂ ಒಮ್ಮೆ ನಡೆಯಿರಿ. ಎಲ್ಲಿ ದೀಪ ಕೆಟ್ಟಿದೆ, ಯಾವ ಮೂಲೆಯಲ್ಲಿ ಬಾರ್ ಇದೆ, ಖಾಲಿ ಸೈಟ್ ಎಲ್ಲಿದೆ, ಕೊನೆಗೆ ತೆರೆದಿರುವ ಮೆಡಿಕಲ್ ಶಾಪ್ ಯಾವುದು, ಎಲ್ಲ ಕಾಣುತ್ತದೆ. ಸ್ವಲ್ಪ ಸುತ್ತು ಆದರೂ ಅಂಗಡಿ ಇರುವ ದಾರಿಯನ್ನೇ ಅವಳಿಗೆ ರೂಢಿ ಮಾಡಿಸಿ. ದೀಪ ಕೆಟ್ಟಿದ್ದರೆ ಪಾಲಿಕೆ ಸಹಾಯವಾಣಿ 1533ಕ್ಕೆ ದೂರು ಕೊಡಿ, ಒಂದೇ ಸಲಕ್ಕೆ ಬಿಡದೆ ಅಕ್ಕಪಕ್ಕದವರಿಂದಲೂ ಕೊಡಿಸಿ.

ರಾತ್ರಿ ಪಾಳಿ ಇದ್ದರೆ ಕಂಪನಿಯನ್ನು ಕೇಳಲೇಬೇಕಾದ ಮಾತೊಂದಿದೆ. 2019ರ ನವೆಂಬರ್‌ನಲ್ಲಿ ಸರ್ಕಾರ ಹೆಣ್ಣುಮಕ್ಕಳಿಗೆ ಫ್ಯಾಕ್ಟರಿಗಳಲ್ಲಿ ರಾತ್ರಿ ಏಳರಿಂದ ಬೆಳಿಗ್ಗೆ ಆರರವರೆಗೆ ಕೆಲಸ ಮಾಡಲು ಅವಕಾಶ ಕೊಟ್ಟಿತು, ಷರತ್ತು ಹಾಕಿ. ಅವಳ ಒಪ್ಪಿಗೆ ಬೇಕು, ಹೋಗಿಬರಲು ವಾಹನ ಕೊಡಬೇಕು. ಸೇರುವಾಗಲೇ ಕೇಳಿ. ಸೇರಿದ ಮೇಲೆ ಒಬ್ಬಳೇ ಕೇಳುವುದು ಕಷ್ಟ.

ಏನಾದರೂ ಆಗಿಯೇಬಿಟ್ಟರೆ 112ಕ್ಕೆ ಫೋನ್ ಮಾಡಲಿ, ಪೊಲೀಸರ ಹೊಯ್ಸಳ ಗಸ್ತು ಗಾಡಿ ಬರುತ್ತದೆ. ಆ ನಂಬರ್ ಅವಳಿಗೆ ಬಾಯಿಪಾಠ ಇರಲಿ. ಫೋನ್ ಕಿತ್ತುಕೊಂಡು ಹೋದರೆ ಇನ್ನೊಂದು ಮಾತು ನೆನಪಿರಲಿ. ನಮ್ಮ ಪಕ್ಕದ ಮನೆ ಹುಡುಗಿಗೆ ಹೀಗಾದಾಗ ಸ್ಟೇಷನ್ನಿನಲ್ಲಿ "ಕಳೆದುಹೋಗಿದೆ ಎಂದು ಆನ್‌ಲೈನ್‌ನಲ್ಲಿ ಹಾಕಮ್ಮ, ಸಾಕು" ಅಂದರು. ಸಾಕಾಗುವುದಿಲ್ಲ. ಅವರು ಹೇಳಿದ ಆನ್‌ಲೈನ್ ದೂರು, ಪೊಲೀಸರ ಇ-ಲಾಸ್ಟ್, ಇರುವುದು ನಿಜವಾಗಿ ಕಳೆದುಹೋದ ವಸ್ತುಗಳಿಗೆ. ಕಿತ್ತುಕೊಂಡು ಹೋಗುವುದು ಭಾರತೀಯ ನ್ಯಾಯ ಸಂಹಿತೆಯ 304ನೇ ಸೆಕ್ಷನ್ ಪ್ರಕಾರ ಅಪರಾಧ, ಅದಕ್ಕೆ ಎಫ್‌ಐಆರ್ ಆಗಬೇಕು. 2024ರ ಜುಲೈನಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಘಟನೆ ನಮ್ಮ ವ್ಯಾಪ್ತಿಯಲ್ಲಿ ಆಗಿಲ್ಲ ಎಂದು ಯಾವ ಸ್ಟೇಷನ್ನೂ ವಾಪಸ್ ಕಳಿಸುವ ಹಾಗಿಲ್ಲ. ಎಫ್‌ಐಆರ್ ಪ್ರತಿಯನ್ನೂ ಉಚಿತವಾಗಿ ಕೊಡಬೇಕು. ಆ ಹುಡುಗಿ ಪಟ್ಟು ಹಿಡಿದು ಕೂತಳು, ಬರೆದುಕೊಂಡರು. ಕಿತ್ತುಕೊಂಡದ್ದನ್ನೆಲ್ಲ ಕಳೆದುಹೋಯಿತು ಎಂದು ಬರೆದರೆ ಆ ರಸ್ತೆಗೆ ಗಸ್ತು ಬೇಕು ಎಂದು ಯಾರಿಗೆ ಗೊತ್ತಾಗಬೇಕು? ಹಾಗೆಯೇ ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಐಎಂಇಐ ನಂಬರ್, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ, ಹಾಕಿ ಫೋನ್ ಬ್ಲಾಕ್ ಮಾಡಿಸಿ. ಬಾಕ್ಸ್ ಮೇಲಿನ ಆ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ.

ಮನೆ ಬಗ್ಗೆ ಹೇಳುವುದು ಕಡಿಮೆ. ನೆಲಮಹಡಿ ಆದರೆ ಸೆಕೆಗೆ ಕಿಟಕಿ ತೆಗೆದು ಮಲಗುವಾಗ ಫೋನನ್ನು ಕಿಟಕಿ ಹತ್ತಿರ ಚಾರ್ಜಿಗೆ ಇಡಬಾರದು, ಕೈ ಹಾಕಿ ಎಳೆದುಕೊಂಡು ಹೋಗ್ತಾರೆ. ಬೆಳಗಿನ ಜಾವ ಬಾಗಿಲು ಮುಂದೆ ಮಾಡಿ ನೀರು ಹಿಡಿಯಲು ಹೋಗುವುದೂ ಬೇಡ. ಓನರ್ ಅದೇ ಬಿಲ್ಡಿಂಗ್‌ನಲ್ಲಿ ಇದ್ದಾರಾ, ರಾತ್ರಿ ಗೇಟ್ ಎಷ್ಟಕ್ಕೆ ಹಾಕ್ತಾರೆ, ಶಿಫ್ಟ್ ಮುಗಿಸಿ ಬಂದವಳಿಗೆ ಬೀಗದ ಕೀ ಒಂದು ಕೊಡ್ತಾರಾ ಎಂದು ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. ಓನರ್ ಕುಟುಂಬ ಕೆಳಗಿದ್ದು ಮೇಲಿನ ಮನೆ ಸಿಕ್ಕರೆ, ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಅದನ್ನೇ ಹಿಡಿಯಿರಿ.