ವಾಹನ ಪ್ರಶ್ನೋತ್ತರ: ಟೋಯಿಂಗ್ ಗಾಡಿಗೆ ದೊಡ್ಡ ಡೀಸೆಲ್ ಟ್ಯಾಂಕ್

ಪ್ರಶ್ನೆ: ನಮ್ಮದು ಬಿಎಸ್-6 ಡೀಸೆಲ್ ಎಂಜಿನಿನ ಟೋಯಿಂಗ್ ಗಾಡಿ. ಹಿಂದೆ ಅಂಡರ್‌ಲಿಫ್ಟ್ (ಕೆಟ್ಟ ವಾಹನದ ಒಂದು ತುದಿಯನ್ನು ಅಡಿಯಿಂದ ಎತ್ತಿ ಹಿಡಿಯುವ ತೋಳು) ಇದೆ, ಕಂಪನಿ ಕೊಟ್ಟ ಟ್ಯಾಂಕ್ 90 ಲೀಟರಿನದು. ಶಿರಾಡಿ ಘಾಟಿಯಲ್ಲಿ ಕೆಟ್ಟು ನಿಂತ ವಾಹನಗಳನ್ನು ತರಲು ರಾತ್ರಿ ಹೊತ್ತಿನಲ್ಲಿ ಹೋಗುವುದೇ ಹೆಚ್ಚು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದರೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಇಲ್ಲಿನ ಒಂದು ಫ್ಯಾಬ್ರಿಕೇಶನ್ ಶೆಡ್ಡಿನವರು 300 ಲೀಟರಿನ ಟ್ಯಾಂಕ್ ಮಾಡಿ ಕೂರಿಸಿ ಕೊಡುತ್ತೇವೆ ಎನ್ನುತ್ತಾರೆ. ಹಾಕಿಸಬಹುದೇ?
– ಓದುಗರು, ಬೈಕಂಪಾಡಿ, ಮಂಗಳೂರು

ಉತ್ತರ: ದೊಡ್ಡ ಟ್ಯಾಂಕ್ ಹಾಕಿಸಬಹುದು; ಆದರೆ 300 ಲೀಟರ್ ಬೇಡ, ಶೆಡ್ಡಿನಲ್ಲಿ ತಗಡು ಮಡಚಿ ಬೆಸೆದ ಟ್ಯಾಂಕೇ ನಿಮ್ಮ ಮೊದಲ ಆಯ್ಕೆಯಾಗುವುದೂ ಬೇಡ. ಒಂದೇ ಚಾಸಿಯ ಮೇಲೆ ಕಂಪನಿಗಳು ಹಲವು ಮಾದರಿಗಳನ್ನು ತಯಾರಿಸುತ್ತವೆ. ಉದ್ದ ವೀಲ್‌ಬೇಸಿನ (ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವಿನ ಅಂತರ) ಮಾದರಿಗೆ ದೊಡ್ಡ ಟ್ಯಾಂಕ್ ಬರುವುದುಂಟು. ಅದರ ಪಾರ್ಟ್ ನಂಬರನ್ನು ಡೀಲರ್ ಬಳಿ ಕೇಳಿ, ನಿಮ್ಮ ಚಾಸಿಗೆ ಹೊಂದುತ್ತದೆಯೇ ಎಂದು ಲಿಖಿತವಾಗಿ ಪಡೆಯಿರಿ. ಬ್ರಾಕೆಟ್, ಪಟ್ಟಿ, ಎಣ್ಣೆಯ ಮಟ್ಟ ಅಳೆಯುವ ಫ್ಲೋಟ್, ಮುಚ್ಚಳ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ಬರುತ್ತವೆ, ಆರ್‌ಟಿಒ ಮುಂದೆ ಹಾಜರುಪಡಿಸಲು ಒಂದು ಕಾಗದವೂ ಇರುತ್ತದೆ.

ಎಷ್ಟು ಲೀಟರ್ ಬೇಕು ಎಂಬುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬೇಕು. ಮಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 130 ಕಿ.ಮೀ.; ಹೋಗಿಬರಲು 260. ಘಾಟಿಯ ಏರು, ಹಿಂದೆ ನೇತುಹಾಕಿದ ಭಾರ ಎಲ್ಲವೂ ಸೇರಿ ಲೀಟರಿಗೆ ಸರಾಸರಿ 4 ಕಿ.ಮೀ. ಬರುತ್ತದೆ ಎಂದಿಟ್ಟುಕೊಂಡರೆ 65 ಲೀಟರ್ ಖರ್ಚು. ದೋಣಿಗಲ್ ಕಡೆ ಮಣ್ಣು ಜಾರಿ ರಾತ್ರಿಯಿಡೀ ನಿಲ್ಲಬೇಕಾಯಿತು, ಎಂಜಿನ್ ಎಂಟು ಗಂಟೆ ಚಾಲೂ ಇತ್ತು ಎಂದುಕೊಂಡರೂ ಗಂಟೆಗೆ 2 ಲೀಟರಿನಂತೆ ಇನ್ನೊಂದು 16. ಒಟ್ಟು 81 ಲೀಟರ್. ಈಗಿನ ಟ್ಯಾಂಕ್ ಇದಕ್ಕೆ ಸಾಲುತ್ತದೆ, ಆದರೆ ತಳ ಕಾಣುತ್ತದೆ; ತಳದ ಕೊಳೆ ಫಿಲ್ಟರಿಗೆ ಹೋಗುವುದು ಆಗಲೇ. ಆದ್ದರಿಂದ ನಿಮ್ಮ ಬೇಡಿಕೆ ನ್ಯಾಯವಾದದ್ದೇ, ಆದರೆ 160 ಲೀಟರಿನ ಟ್ಯಾಂಕ್ ಧಾರಾಳವಾಗಿ ಸಾಕು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿಯಿಂದ ಶಿರೂರಿನವರೆಗೆ ಎಲ್ಲಿ ಹೋದರೂ ಬಂಕ್ ಸಿಗುವ ಊರು ನಮ್ಮದು. ಕೊರತೆ ಇರುವುದು ಘಾಟಿಯಲ್ಲಿ ಮಾತ್ರ.

ಹೆಚ್ಚಿಗೆ ಇದ್ದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಡೀಸೆಲ್ ಲೀಟರಿಗೆ ಸುಮಾರು 0.83 ಕೆ.ಜಿ. ತೂಗುತ್ತದೆ, 300 ಲೀಟರ್ ತುಂಬಿದರೆ ಟ್ಯಾಂಕಿನ ತೂಕ ಬಿಟ್ಟು ಸುಮಾರು 250 ಕೆ.ಜಿ. ಸಾಮಾನು ಸಾಗಿಸುವ ಲಾರಿಯಲ್ಲಿ ಇದು ದೊಡ್ಡ ಮಾತಲ್ಲ. ಟೋಯಿಂಗ್ ಗಾಡಿಯ ಕಥೆ ಬೇರೆ, ಏಕೆಂದರೆ ಅದರ ಭಾರ ಹಿಂದಿನ ಆಕ್ಸಲಿನಿಂದಾಚೆ ನೇತಾಡುತ್ತದೆ. ನಿಮ್ಮ ವೀಲ್‌ಬೇಸ್ 3.4 ಮೀಟರ್, ಅಂಡರ್‌ಲಿಫ್ಟಿನ ತುದಿ ಹಿಂದಿನ ಆಕ್ಸಲಿನಿಂದ 2 ಮೀಟರ್ ಹಿಂದೆ, ಎತ್ತಿದ ಭಾರ 1,500 ಕೆ.ಜಿ. ಎಂದುಕೊಳ್ಳಿ. ಆಗ ಮುಂದಿನ ಆಕ್ಸಲಿನ ಮೇಲಿನ ಭಾರ ಸುಮಾರು 880 ಕೆ.ಜಿ. ಕಡಿಮೆಯಾಗುತ್ತದೆ, ಹಿಂದಿನದರ ಮೇಲೆ ಎತ್ತಿದ 1,500 ಮಾತ್ರವಲ್ಲ, ಈ 880 ಕೂಡ ಸೇರಿ 2,380 ಕೆ.ಜಿ. ಬೀಳುತ್ತದೆ. ಏರಿನಲ್ಲಿ ಸ್ಟೇರಿಂಗ್ ಹಗುರಾಗಿ, ತಿರುವಿನಲ್ಲಿ ಗಾಡಿ ಮಾತು ಕೇಳದಂತಾಗುವುದಕ್ಕೆ ಕಾರಣ ಇದೇ. ಹಿಂದಿನ ಆಕ್ಸಲ್ ಈಗಾಗಲೇ ಮಿತಿಯ ಹತ್ತಿರ ಇರುವಾಗ ಟ್ಯಾಂಕನ್ನು ಅದರ ಹಿಂದೆ, ಎತ್ತುವ ತೋಳಿನ (ಬೂಮ್) ಬುಡದಲ್ಲಿ ಖಾಲಿ ಜಾಗ ಇದೆ ಎಂದು ಕೂರಿಸುವುದು ಅಪಾಯಕ್ಕೆ ಅಪಾಯ ಸೇರಿಸಿದ ಹಾಗೆ. ಕ್ಯಾಬಿನ್ನಿನ ಹಿಂದೆ, ಎರಡು ಆಕ್ಸಲುಗಳ ನಡುವೆ, ಸಾಧ್ಯವಾದಷ್ಟು ಮುಂದಕ್ಕೆ ಕೂರಿಸಿದರೆ ಆ ತೂಕದ ಅರ್ಧದಷ್ಟಾದರೂ ಮುಂದಿನ ಚಕ್ರಗಳಿಗೆ ಸಿಗುತ್ತದೆ. ಕೂರಿಸಿದ ಮೇಲೆ ಟ್ಯಾಂಕ್ ತುಂಬಿ, ನೀವು ಎತ್ತುವ ಅತಿ ಭಾರದ ವಾಹನವನ್ನು ಎತ್ತಿ, ಎರಡೂ ಆಕ್ಸಲುಗಳನ್ನು ವೇಬ್ರಿಡ್ಜಿನಲ್ಲಿ ಬೇರೆ ಬೇರೆಯಾಗಿ ತೂಗಿಸಿ ನೋಡಿ.

ಟ್ಯಾಂಕಿನೊಳಗೆ ತೂತುಗಳಿರುವ ಅಡ್ಡ ತಗಡುಗಳು ಇರಲೇಬೇಕು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುವ ಗಾದೆ ಡೀಸೆಲಿಗೂ ಸಲ್ಲುತ್ತದೆ. ಅರ್ಧ ಖಾಲಿಯಾದ ಉದ್ದ ಟ್ಯಾಂಕಿನಲ್ಲಿ ಬ್ರೇಕ್ ಹಾಕಿದಾಗ ನೂರು ಕೆ.ಜಿ.ಗೂ ಹೆಚ್ಚು ಎಣ್ಣೆ ಒಮ್ಮೆಲೇ ಮುಂದಕ್ಕೆ ನುಗ್ಗಿ ಬೆಸುಗೆಯನ್ನು ಬಡಿಯುತ್ತದೆ. ಅಡ್ಡ ತಗಡು ಇಲ್ಲದಿದ್ದರೆ ಏರಿನಲ್ಲಿ ಎಣ್ಣೆ ಒಂದು ಕಡೆ ಸರಿದು, ಟ್ಯಾಂಕಿನಲ್ಲಿ ಡೀಸೆಲ್ ಇರುವಾಗಲೇ ಪಂಪು ಗಾಳಿ ಎಳೆದು ಎಂಜಿನ್ ನಿಲ್ಲುವುದೂ ಉಂಟು.

ಇನ್ನು ಪೈಪುಗಳ ವಿಷಯ. ಹೆಚ್ಚಿನ ಶೆಡ್ಡುಗಳಲ್ಲಿ ಕೆಲಸ ಕೆಡುವುದು ಇಲ್ಲೇ. ಕಾಮನ್‌ರೈಲ್ ಎಂಜಿನಿನಲ್ಲಿ (ಹೆಚ್ಚಿನ ಒತ್ತಡದ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೆ ಡೀಸೆಲ್ ಹೋಗುವ ಬಗೆ) ಪಂಪು ಎಳೆದ ಡೀಸೆಲ್ ಎಲ್ಲವೂ ಉರಿಯುವುದಿಲ್ಲ. ಉಳಿದದ್ದು ಬಿಸಿಯಾಗಿ ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ಮರಳುತ್ತದೆ. ಹಳೆಯ ಟ್ಯಾಂಕನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಎರಡನೆಯದನ್ನು ಕೂರಿಸಿ, ಸಪ್ಲೈ ಪೈಪಿಗೆ ಮಾತ್ರ ಒಂದು ವಾಲ್ವ್ ಇಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ಆಗ ಎಂಜಿನ್ ಎರಡನೆಯ ಟ್ಯಾಂಕಿನಿಂದ ಎಳೆಯುತ್ತದೆ, ಮರಳುವ ಎಣ್ಣೆ ಮೊದಲಿನದಕ್ಕೇ ಹೋಗುತ್ತದೆ. ಅದು ತುಂಬಿದ್ದರೆ ಉಸಿರುಕೊಳವೆಯಿಂದ ಡೀಸೆಲ್ ರಸ್ತೆಗೆ ಸುರಿಯುತ್ತದೆ. ಒದ್ದೆಯಾದ ಘಾಟಿ ತಿರುವಿನಲ್ಲಿ ಡೀಸೆಲ್ ಬಿದ್ದರೆ ಹಿಂದೆ ಬರುವ ದ್ವಿಚಕ್ರ ಸವಾರನ ಗತಿ ಏನೆಂದು ಟೋಯಿಂಗ್ ಮಾಡುವ ನಿಮಗೆ ಹೇಳಬೇಕಾಗಿಲ್ಲ. ಎರಡು ಟ್ಯಾಂಕ್ ಇಡುವುದೇ ಆದರೆ ಸಪ್ಲೈ ಮತ್ತು ರಿಟರ್ನ್ ಎರಡನ್ನೂ ಒಟ್ಟಿಗೆ ಬದಲಿಸುವ ಆರು ಬಾಯಿಗಳ ವಾಲ್ವ್ ಬೇಕು. ಇದಕ್ಕಿಂತ ಸರಳವಾದದ್ದು, ಎಂಜಿನಿನ ಪೈಪುಗಳನ್ನು ಮುಟ್ಟದೆ, ಎರಡನೆಯ ಟ್ಯಾಂಕಿನಿಂದ ಮೊದಲಿನದಕ್ಕೆ ಸಣ್ಣ ಎಲೆಕ್ಟ್ರಿಕ್ ಪಂಪಿನಿಂದ ಎಣ್ಣೆ ವರ್ಗಾಯಿಸುವ ಕ್ರಮ. ಪಂಪಿಗೆ ಟೈಮರ್ ಇಲ್ಲದಿದ್ದರೆ ಮರೆತುಹೋಗಿ ಮತ್ತೆ ಅದೇ ರೀತಿ ಉಕ್ಕುತ್ತದೆ. ಒಂದೇ ದೊಡ್ಡ ಟ್ಯಾಂಕ್ ಇಟ್ಟರೆ ಈ ತಲೆನೋವು ಇಲ್ಲ. ಅದರಲ್ಲಿ ರಿಟರ್ನ್ ಪೈಪಿನ ಬಾಯಿ ಎಳೆಯುವ ಪೈಪಿನಿಂದ ದೂರವಿರಲಿ, ಎಳೆಯುವ ಪೈಪಿನ ತುದಿ ತಳಕ್ಕಿಂತ 2–3 ಸೆಂ.ಮೀ. ಮೇಲಿರಲಿ, ಪೈಪಿನ ಒಳವ್ಯಾಸ ಮೊದಲಿದ್ದುದಕ್ಕಿಂತ ಕಿರಿದಾಗದಿರಲಿ.

ಡ್ಯಾಶ್‌ಬೋರ್ಡಿನ ಮುಳ್ಳು ಸರಿ ತೋರಿಸಬೇಕಾದರೆ ಹೊಸ ಟ್ಯಾಂಕಿನ ಆಳಕ್ಕೆ ಹೊಂದುವ, ಹಳೆಯದರಷ್ಟೇ ರೆಸಿಸ್ಟೆನ್ಸ್ ಇರುವ ಫ್ಲೋಟ್ ಹಾಕಬೇಕು. ನಿಮ್ಮ ಗಾಡಿಗೆ ಡಿಇಎಫ್ (ಹೊಗೆಯ ಮಾಲಿನ್ಯ ತಗ್ಗಿಸಲು ಬಳಸುವ ಯೂರಿಯಾ ದ್ರಾವಣ) ತುಂಬುವ ವ್ಯವಸ್ಥೆ ಇದ್ದರೆ, ಡೀಸೆಲ್ ಟ್ಯಾಂಕ್ ದೊಡ್ಡದಾದರೂ ಡಿಇಎಫ್ ಟ್ಯಾಂಕ್ ಅಷ್ಟೇ ಇರುತ್ತದೆ ಎಂಬುದನ್ನು ಮರೆಯಬೇಡಿ. ಡೀಸೆಲ್ ಇದೆ ಎಂಬ ಧೈರ್ಯದಲ್ಲಿ ಹೋಗಿ ಡಿಇಎಫ್ ಮುಗಿದರೆ ಎಂಜಿನ್ ತಾನಾಗಿಯೇ ಶಕ್ತಿ ಇಳಿಸಿಕೊಳ್ಳುತ್ತದೆ. ಚಾಸಿ ರೈಲಿನ ಮೇಲಿನ ಮತ್ತು ಕೆಳಗಿನ ಅಂಚಿಗೆ ತೂತು ಕೊರೆಯಲು, ಬೆಸುಗೆ ಹಾಕಲು ಯಾರಿಗೂ ಬಿಡಬೇಡಿ; ಬೋಲ್ಟ್ ಹೋಗಬೇಕಾದದ್ದು ನಿಂತಿರುವ ನಡುಭಾಗಕ್ಕೆ. ಸೈಲೆನ್ಸರಿನ ಕಡೆಗೆ ಟ್ಯಾಂಕ್ ಬೇಡ.

ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಖಾಲಿ ವಾಹನದ ತೂಕವೂ ಆ ಪತ್ರದಲ್ಲಿ ಇರುವುದರಿಂದ, ಭಾರದ ಟ್ಯಾಂಕ್ ಕೂರಿಸುವುದು ಆ ಕಲಮಿನ ಪ್ರಶ್ನೆಯಾಗಬಹುದು. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ ವಿಧಿಸಲು ಅವಕಾಶವಿದೆ. ಕೆಲಸ ಮಾಡಿಸಿದ ಮೇಲೆ ಅಲ್ಲ, ಮಾಡಿಸುವ ಮೊದಲೇ ಡೀಲರಿನ ಪತ್ರ ಮತ್ತು ನಕ್ಷೆಯೊಂದಿಗೆ ಆರ್‌ಟಿಒ ಕಚೇರಿಗೆ ಅರ್ಜಿ ಕೊಡಿ. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ. ಎಫ್‌ಸಿಗೆ (ವಾಹನದ ಅರ್ಹತಾ ಪತ್ರದ ತಪಾಸಣೆಗೆ) ಹೋದ ದಿನ ಚೌಕಾಶಿ ಮಾಡಿಕೊಳ್ಳಬಹುದು ಎಂಬ ಸಲಹೆ ಕೊಡುವವರು ಅಪಘಾತದ ದಿನ ನಿಮ್ಮ ಜೊತೆ ಇರುವುದಿಲ್ಲ.

ಪ್ರಶ್ನೆ: ಮಲ್ಪೆ ಬಂದರಿನಲ್ಲಿ ಮೀನಿನ ಲಾರಿಗಳನ್ನು ಎಳೆಯುವ ಗಾಡಿ ನಮ್ಮದು. ಹೊಸ ಟ್ಯಾಂಕ್ ಅಲ್ಯೂಮಿನಿಯಮ್ಮಿನದೋ ಉಕ್ಕಿನದೋ ಎಂಬ ಗೊಂದಲವಿದೆ. ಜಿಐ ಶೀಟಿನಲ್ಲಿ ಮಾಡಿದರೆ ತುಕ್ಕೂ ಹಿಡಿಯುವುದಿಲ್ಲ, ಅಗ್ಗವೂ ಹೌದು ಎಂದು ವೆಲ್ಡರ್ ಹೇಳುತ್ತಾರೆ.
– ಓದುಗರು, ಮಲ್ಪೆ, ಉಡುಪಿ

ಉತ್ತರ: ಜಿಐ ಖಂಡಿತ ಬೇಡ. ಆ ತಗಡಿನ ಮೇಲಿನ ಸತುವಿನ ಲೇಪವು ಡೀಸೆಲಿನಲ್ಲಿರುವ ಆಮ್ಲಗಳೊಂದಿಗೆ ಸೇರಿ ಸಾಬೂನಿನಂಥ ಅಂಟು ಉಂಟುಮಾಡುತ್ತದೆ. ಅದು ಫಿಲ್ಟರನ್ನು ಕಟ್ಟಿ, ಇಂಜೆಕ್ಟರಿನ ತುದಿಯಲ್ಲಿಯೂ ಕೂರುತ್ತದೆ. ನೀರಿನ ಟ್ಯಾಂಕಿಗೆ ಒಳ್ಳೆಯದಾದ ತಗಡು ಡೀಸೆಲಿಗೆ ಒಳ್ಳೆಯದಲ್ಲ. ಇದೇ ಕಾರಣಕ್ಕೆ ತಾಮ್ರದ ಪೈಪನ್ನೂ ದೂರವಿಡಿ. ತಾಮ್ರದ ಸಂಪರ್ಕದಲ್ಲಿ ಡೀಸೆಲ್ ಬೇಗ ಹಾಳಾಗುತ್ತದೆ.

ನಿಮ್ಮಲ್ಲಿ ಮೀನಿನ ಲಾರಿಯಿಂದ ಸೋರುವ ಉಪ್ಪುನೀರು, ಮೇಲಿನಿಂದ ಸಮುದ್ರದ ಗಾಳಿ. ಅಲ್ಯೂಮಿನಿಯಮ್ ಹಗುರ, ತಾನಾಗಿ ತುಕ್ಕು ಹಿಡಿಯುವುದಿಲ್ಲ. ಆದರೆ ಉಕ್ಕಿನ ಪಟ್ಟಿಯಿಂದ ನೇರವಾಗಿ ಬಿಗಿದರೆ ಉಪ್ಪುನೀರು ಎರಡು ಲೋಹಗಳ ನಡುವೆ ಬ್ಯಾಟರಿಯಂತೆ ವರ್ತಿಸಿ ಪಟ್ಟಿಯ ಕೆಳಗೆ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ನಡುವೆ ರಬ್ಬರ್ ಹಾಕಬೇಕು, ಆ ರಬ್ಬರ್ ಸ್ಪಂಜಿನ ಬಗೆಯದಾಗಿರಬಾರದು, ಏಕೆಂದರೆ ನೀರು ಹೀರಿಕೊಂಡು ಒಣಗದೇ ಉಳಿಯುತ್ತದೆ. ಉಕ್ಕಿನ ಟ್ಯಾಂಕ್ ಆದರೆ ಹೊರಗಿನ ಬಣ್ಣಕ್ಕಿಂತ ಪಟ್ಟಿಯ ಅಡಿಯ ಬಣ್ಣಕ್ಕೆ ಗಮನ ಕೊಡಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ಪಟ್ಟಿ ಬಿಚ್ಚಿ ನೋಡಿ. ನನ್ನ ಆಯ್ಕೆ ಕೇಳಿದರೆ, ಬಂದರಿನ ಕೆಲಸಕ್ಕೆ ಕಂಪನಿ ಕೊಡುವ ಪ್ಲಾಸ್ಟಿಕ್ ಟ್ಯಾಂಕ್ ಸಿಕ್ಕಿದರೆ ಎರಡೂ ಬೇಡ.

ದೊಡ್ಡ ಟ್ಯಾಂಕಿನ ಇನ್ನೊಂದು ಕಾಟ ನೀರು. ಅರ್ಧ ಖಾಲಿ ಇದ್ದಷ್ಟೂ ಒಳಗೆ ತೇವದ ಗಾಳಿ ಹೆಚ್ಚು, ರಾತ್ರಿ ತಂಪಾದಾಗ ಅದು ಹನಿಗಟ್ಟಿ ತಳ ಸೇರುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ ತುಂಬಿಸಿ ನಿಲ್ಲಿಸಿ, ಡೀಸೆಲ್ ಬಿಸಿಯಾದಾಗ ಹಿಗ್ಗಲು ಮೇಲೆ 5 ಶೇಕಡಾ ಜಾಗ ಬಿಡಿ. ತಳದ ಡ್ರೈನ್ ಪ್ಲಗ್ಗಿನಿಂದ ಸ್ವಲ್ಪ ಎಣ್ಣೆಯನ್ನು ಬೆಳಗ್ಗೆ ಗಾಡಿ ಹೊರಡುವ ಮೊದಲು ಪಾರದರ್ಶಕ ಬಾಟಲಿಗೆ ಹಿಡಿದರೆ, ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ಕಾಣುತ್ತದೆ.

ಪ್ರಶ್ನೆ: ಗುಜರಿಗೆ ಬಂದ ಲಾರಿಯ 200 ಲೀಟರಿನ ಟ್ಯಾಂಕ್ ಸಿಕ್ಕಿದೆ, ತಳದಲ್ಲಿ ಸಣ್ಣ ತೂತು. ಬೆಸೆದು ಹಾಕಬಹುದೇ?
– ಓದುಗರು, ಕಾಪು

ಉತ್ತರ: ಡೀಸೆಲ್ ಖಾಲಿ ಮಾಡಿ ನೀರಿನಲ್ಲಿ ತೊಳೆದ ಟ್ಯಾಂಕ್ ಕೂಡ ಬೆಸುಗೆಯ ಬಿಸಿಗೆ ಸಿಡಿಯಬಹುದು. ತಗಡಿನ ಮಡಿಕೆಗಳಲ್ಲಿ, ಅಡ್ಡ ತಗಡಿನ ಹಿಂದೆ ಅಂಟಿಕೊಂಡ ಎಣ್ಣೆ ಕಾದು ಆವಿಯಾಗುತ್ತದೆ, ಆ ಆವಿಗೆ ಕಿಡಿ ಸಾಕು. ಹಬೆಯಿಂದ ತೊಳೆದು, ಒಳಗೆ ಉರಿಯದ ಅನಿಲ ತುಂಬಿಸಿ ಬೆಸೆಯುವ ವ್ಯವಸ್ಥೆ ಇರುವವರಲ್ಲಿ ಮಾತ್ರ ಕೊಡಬೇಕು. ಅಂಥವರ ಕೂಲಿ ಗುಜರಿ ಟ್ಯಾಂಕಿನ ಬೆಲೆಯನ್ನು ಮೀರಬಹುದು. ಒಂದು ಕಡೆ ತೂತು ಬಿದ್ದಿದೆ ಎಂದರೆ ಸುತ್ತಲಿನ ತಗಡೂ ತೆಳುವಾಗಿರುತ್ತದೆ, ಒಂದು ಸುತ್ತಿಗೆಯ ಹಿಡಿಯಿಂದ ತಟ್ಟಿದರೂ ಶಬ್ದದಲ್ಲಿ ತಿಳಿಯುತ್ತದೆ. ಬೆಸೆದ ಮೇಲೆ 0.3 ಬಾರ್ ಒತ್ತಡದ ಗಾಳಿ ತುಂಬಿಸಿ, ಬೆಸುಗೆಗಳಿಗೆಲ್ಲ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡದೆ ಗಾಡಿಗೆ ಕೂರಿಸಬೇಡಿ. ಟೈರಿಗೆ ಗಾಳಿ ತುಂಬುವ ಪಂಪನ್ನು ರೆಗ್ಯುಲೇಟರ್ ಇಲ್ಲದೆ ನೇರವಾಗಿ ಜೋಡಿಸಿದರೆ ಟ್ಯಾಂಕ್ ಉಬ್ಬಿ ಒಡೆಯುತ್ತದೆ.