ಮೊದಲು ನೆಕ್ ನೋಡಿ, ಆಮೇಲೆ ಹೆಸರು ನೋಡಿ: ಬೇಸ್ ಗಿಟಾರ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಬೇಸ್ ಗಿಟಾರಿನವೇ ಜಾಸ್ತಿ. ಮುಂಬೈ, ಪುಣೆ, ಗೋವಾ ಮೂರೂ ಕಡೆಯಿಂದ ಬಂದಿವೆ. ಒಂದೇ ತರಹದವನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ಅಂಧೇರಿಯ ಒಬ್ಬರು ನಾಲ್ಕು ತಂತಿಯ ಸೆಕೆಂಡ್ ಹ್ಯಾಂಡ್ ಬೇಸನ್ನು 12,000 ರೂಪಾಯಿಗೆ ಕೊಡುತ್ತಾರಂತೆ. ಮೇಲೆ ದೊಡ್ಡ ಅಮೆರಿಕನ್ ಕಂಪನಿಯ ಹೆಸರಿದೆ. ವಿಡಿಯೋದಲ್ಲಿ ಸೌಂಡ್ ಚೆನ್ನಾಗಿದೆ. ದಾದರ್ ಸ್ಟೇಷನ್ನಿಗೆ ಬನ್ನಿ, ಅಲ್ಲೇ ಕೊಡುತ್ತೇನೆ ಅಂದಿದ್ದಾರೆ. ತೆಗೆದುಕೊಳ್ಳಲಾ? (ಓದುಗ, ಡೊಂಬಿವಲಿ)

ಉತ್ತರ: ದಾದರಿನಲ್ಲಿ ಮಾತ್ರ ಬೇಡ ಮಾರಾಯ್ರೆ. ಆ ಗದ್ದಲದಲ್ಲಿ ತಂತಿ ಫ್ರೆಟ್ಟಿಗೆ (ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ತಾಗಿ ಕಿರ್ರೆಂದರೂ ಕೇಳಿಸುವುದಿಲ್ಲ, ಹಿಂದಿನಿಂದ ಜನ ತಳ್ಳಿಕೊಂಡು ಹೋಗುವಾಗ ನೆಕ್, ಅಂದರೆ ತಂತಿ ಒತ್ತಿ ನುಡಿಸುವ ಉದ್ದ ಕತ್ತು, ನೋಡುವುದಕ್ಕೂ ಪುರುಸೊತ್ತು ಸಿಗುವುದಿಲ್ಲ. ಅವರ ಮನೆಗೇ ಹೋಗಿ. ಆಂಪ್ (ಸದ್ದು ಜೋರು ಮಾಡುವ ಪೆಟ್ಟಿಗೆ) ಇದ್ದರೆ ಹಾಕಿಸಿ ಕೇಳಿ. ಇಲ್ಲದಿದ್ದರೆ ಗೆಳೆಯರಿಂದ ಒಂದು ಹೆಡ್‌ಫೋನ್ ಆಂಪ್ ಇಸಿದುಕೊಂಡು ಹೋಗಿ, ಜೇಬಿನಲ್ಲೇ ಹಿಡಿಸುತ್ತದೆ.

ವಿಡಿಯೋ ನೋಡಿ ಸೌಂಡ್ ಹೇಳುವ ಹಾಗಿಲ್ಲ. ಬೇಸಿನ ದಪ್ಪ ತಂತಿಯನ್ನು, ಅಂದರೆ ಇ ತಂತಿಯನ್ನು, ಬೆರಳಿಡದೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಫೋನಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ನೀವು ಕೇಳಿದ್ದು ಮೇಲಿನ ಸ್ವರಾಂಶಗಳನ್ನು ಮಾತ್ರ.

ಈಗ ಮುಖ್ಯ ವಿಷಯ, ನೆಕ್. ಬಂದೂಕು ಗುರಿಯಿಡುವ ಹಾಗೆ ಬೇಸನ್ನು ಕಣ್ಣಿನ ಹತ್ತಿರ ಹಿಡಿದು ಬೇಸಿನ ತಲೆಯ ಕಡೆಯಿಂದ, ಅಂದರೆ ತಂತಿ ಬಿಗಿಯುವ ಕೀಲಿಗಳಿರುವ ತುದಿಯಿಂದ, ನೆಕ್ಕಿನ ಉದ್ದಕ್ಕೂ ನೋಡಿ. ನಾಲ್ಕು ತಂತಿಗಳು ಸೇರಿ ಸುಮಾರು 70-80 ಕಿಲೋ ಭಾರದಷ್ಟು ಎಳೆಯುತ್ತಿರುತ್ತವೆ, ಹಾಗಾಗಿ ನೆಕ್ ಮುಂದಕ್ಕೆ ತುಸು ಬಾಗಿರುವುದು ಸಹಜ, ಅಷ್ಟು ಬೇಕೂ ಬೇಕು. ಆದರೆ ಒಂದು ಅಂಚು ಮೇಲೆ, ಇನ್ನೊಂದು ಅಂಚು ಕೆಳಗೆ ಅನ್ನುವ ಹಾಗೆ ತಿರುಚಿಕೊಂಡಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಅದನ್ನು ಸರಿಮಾಡಲು ಹೊರಟರೆ ಹಣವೂ ಹೋಗುತ್ತದೆ, ಬೇಸೂ ಸರಿಯಾಗುವುದಿಲ್ಲ.

ಬಾಗು ಎಷ್ಟಿದೆ ಎಂದು ನೋಡುವುದು ಸುಲಭ. ಇ ತಂತಿಯನ್ನು ಎಡಗೈಯಿಂದ ಮೊದಲನೇ ಫ್ರೆಟ್ಟಿನಲ್ಲಿ, ಬಲಗೈಯಿಂದ ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿಯಿರಿ. ಏಳನೇ ಅಥವಾ ಎಂಟನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಸುಮಾರು 0.3 ಮಿಲಿಮೀಟರ್ ಸಂದು ಇದ್ದರೆ ಸರಿ. ಒಂದು ವಿಸಿಟಿಂಗ್ ಕಾರ್ಡ್ ಒಯ್ಯಿರಿ, ಅದು ತಾಗಿಯೂ ತಾಗದ ಹಾಗೆ ತೂರಬೇಕು. ಸಂದು ಜಾಸ್ತಿ ಇದ್ದರೂ ಗಾಬರಿ ಬೇಡ. ನೆಕ್ಕಿನ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ, ಅದನ್ನು ಬಿಗಿದರೆ ಬಾಗು ಕಡಿಮೆಯಾಗುತ್ತದೆ. ಆದರೆ ಆ ರಾಡ್ ತಿರುಗುತ್ತದಾ? ಮಾರುವವರ ಕೈಯಿಂದಲೇ ತಿರುಗಿಸಿ ತೋರಿಸಲು ಹೇಳಿ. ಅದರ ನಟ್ ಸವೆದು ಹೋಗಿದ್ದರೆ, ಅಥವಾ ಪೂರ್ತಿ ಬಿಗಿದು ಇನ್ನು ತಿರುಗಲು ಜಾಗವೇ ಉಳಿದಿಲ್ಲ ಎಂದಾದರೆ, ಆ ಬೇಸ್ ಪುಕ್ಕಟೆ ಸಿಕ್ಕರೂ ಯೋಚಿಸಬೇಕು.

ಆಮೇಲೆ ಕೂತು ನಾಲ್ಕೂ ತಂತಿಗಳನ್ನು ಒಂದೊಂದು ಫ್ರೆಟ್ಟಿನಲ್ಲೂ ನುಡಿಸಿ. ಬೇಜಾರಿನ ಕೆಲಸ, ಮಾರುವವರು ಗಡಿಯಾರ ನೋಡಲು ಶುರು ಮಾಡುತ್ತಾರೆ, ನೋಡಲಿ ಬಿಡಿ. ಮೊದಲ ಕೆಲವು ಫ್ರೆಟ್ಟುಗಳಲ್ಲಿ ತಂತಿ ಕೊರೆದ ಗುಳಿ ಆಳವಾಗಿದ್ದರೆ ಮುಂದೆ ಖರ್ಚು ಕಾದಿದೆ. ಎಲ್ಲ ಫ್ರೆಟ್ ಬದಲಿಸುವ ಕೂಲಿ ಅಗ್ಗದ ಬೇಸಿನ ಬೆಲೆಯನ್ನೇ ಮುಟ್ಟಬಹುದು. ಜಿ ತಂತಿಯಲ್ಲಿ, ಅಂದರೆ ಎಲ್ಲಕ್ಕಿಂತ ತೆಳುವಾದದ್ದರಲ್ಲಿ, ಐದರಿಂದ ಏಳನೇ ಫ್ರೆಟ್ ವರೆಗೆ ಕಿವಿಗೊಟ್ಟು ಕೇಳಿ. ಕೆಲವು ಬೇಸ್‌ಗಳಲ್ಲಿ ಅಲ್ಲಿ ಒಂದು ಸ್ವರ ಮಾತ್ರ ಬೇಗ ಸತ್ತು ಹೋಗುತ್ತದೆ. ಇದಕ್ಕೆ ಡೆಡ್ ಸ್ಪಾಟ್ ಅನ್ನುತ್ತಾರೆ. ಆ ಕಂಪನವನ್ನು ನೆಕ್ಕೇ ನುಂಗಿಬಿಡುವುದರಿಂದ ಹಾಗಾಗುತ್ತದೆ. ದುಬಾರಿ ಬೇಸ್‌ಗಳಲ್ಲೂ ಇದು ಉಂಟು, ತಂತಿ ಬದಲಿಸಿದರೆ ಹೋಗುವುದಿಲ್ಲ. ತೀರಾ ಎದ್ದು ಕೇಳುವ ಹಾಗಿದ್ದರೆ ಬೇಡ.

ನಾಬ್ ತಿರುಗಿಸುವಾಗ ಕರಕರ ಅಂದರೆ, ಕೇಬಲ್ ಚುಚ್ಚುವ ಜಾಕ್ ಅಲ್ಲಾಡಿದಾಗ ಸೌಂಡ್ ಹೋಗಿ ಬಂದರೆ, ಒಳಗೊಳಗೇ ಖುಷಿಪಡಿ. ಅದು ಬೆಲೆ ಇಳಿಸುವುದಕ್ಕೆ ಒಳ್ಳೇ ನೆಪ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಉಳಿದದ್ದಕ್ಕೆ ಲ್ಯಾಮಿಂಗ್ಟನ್ ರೋಡಿನಲ್ಲಿ ಪಾಟ್ (ನಾಬಿನ ಕೆಳಗಿನ ಭಾಗ), ಜಾಕ್ ಎಲ್ಲ ಚಿಲ್ಲರೆ ದುಡ್ಡಿಗೆ ಸಿಗುತ್ತವೆ. ತಂತಿ ತುಕ್ಕು ಹಿಡಿದಿದ್ದರೆ ಹೊಸ ಸೆಟ್ಟಿನ ದುಡ್ಡನ್ನೂ ಕಳೆಯಲು ಕೇಳಿ, ಬೇಸ್ ತಂತಿ ಗಿಟಾರಿನ ತಂತಿಯಷ್ಟು ಅಗ್ಗವಲ್ಲ.

ಇನ್ನು ಆ ಅಮೆರಿಕನ್ ಹೆಸರು. ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ ಬಂದದ್ದು 1951ರಲ್ಲಿ, ಜಾಝ್ ಬೇಸ್ 1960ರಲ್ಲಿ. ಇವತ್ತು ಅಂಗಡಿಗಳಲ್ಲಿ ನೇತಾಡುವ ಬೇಸ್‌ಗಳಲ್ಲಿ ಬಹುಪಾಲು ಈ ಎರಡರ ಅಚ್ಚಿನವೇ. ಆಕಾರ ನಕಲು ಮಾಡಿದ್ದು ತಪ್ಪಲ್ಲ, ಹೆಸರು ಅಂಟಿಸಿದ್ದು ತಪ್ಪು. ಅಸಲಿ ಅಮೆರಿಕನ್ ಬೇಸನ್ನು 12,000ಕ್ಕೆ ಯಾರೂ ಕೊಡುವುದಿಲ್ಲ, ಆದ್ದರಿಂದ ಆ ಸ್ಟಿಕ್ಕರಿಗೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ. ನೆಕ್ ಚೆನ್ನಾಗಿದ್ದರೆ ಹೆಸರಿಲ್ಲದ ಬೇಸ್ ಅಂದುಕೊಂಡೇ ವ್ಯಾಪಾರ ಮಾಡಿ. ಅದಕ್ಕೂ ಮೊದಲು ಒಂದು ದಿನ ಧೋಬಿ ತಲಾವ್ ಕಡೆ ಹೋಗಿ, ಫರ್ಟಾಡೋಸ್ 1865ರಿಂದ ಇರುವ ಅಂಗಡಿ. ಹೊಸ ಬೇಸ್‌ಗಳನ್ನು ಕೈಗೆ ತೆಗೆದುಕೊಂಡು ನೋಡಿ. ಒಳ್ಳೇ ನೆಕ್ ಕೈಗೆ ಹೇಗಿರುತ್ತದೆ ಎಂದು ಗೊತ್ತಿಲ್ಲದೆ ಹಳೆಯದನ್ನು ಅಳೆಯುವುದು ಹೇಗೆ, ಅಲ್ವಾ?

ಮನೆಗೆ ತರುವಾಗ ಸಂಜೆ ಆರರ ಫಾಸ್ಟ್ ಲೋಕಲ್ ಬೇಡ. ಮಧ್ಯಾಹ್ನ ತನ್ನಿ, ಲಗೇಜ್ ಡಬ್ಬಿ ಹತ್ತಿ.

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು ವರ್ಷ, ಕೈ ಚಿಕ್ಕದು. ಬೇಸ್ ಕಲಿಯುತ್ತೇನೆ ಅಂತ ಹಟ. ಮೊದಲು ಗಿಟಾರ್ ಕಲಿಯಲಿ, ಬೆರಳು ಉದ್ದ ಆಗಲಿ ಅನ್ನುತ್ತಾರೆ ಮೇಷ್ಟ್ರು. (ತಾಯಿ, ಪಿಂಪ್ರಿ, ಪುಣೆ)

ಉತ್ತರ: ಬೇಸ್ ಬೇಕು ಅನ್ನುವ ಹುಡುಗಿಗೆ ಗಿಟಾರ್ ಕೊಟ್ಟರೆ ಎರಡೂ ಮೂಲೆ ಸೇರುತ್ತವೆ. ಬೇಸನ್ನೇ ಕೊಡಿಸಿ, ಆದರೆ ಶಾರ್ಟ್ ಸ್ಕೇಲ್ ಕೊಡಿಸಿ. ಮಾಮೂಲಿ ಬೇಸಿನಲ್ಲಿ ತಂತಿಯ ಉದ್ದ 34 ಇಂಚು, ಶಾರ್ಟ್ ಸ್ಕೇಲಿನಲ್ಲಿ ಸುಮಾರು 30 ಇಂಚು. ಮೊದಲನೇ ಫ್ರೆಟ್ಟಿನ ಅಗಲ ಅಲ್ಲಿ 48 ಮಿಲಿಮೀಟರ್ ಚಿಲ್ಲರೆ, ಇಲ್ಲಿ 43ರ ಹತ್ತಿರ. ನೋಡಲು ಸಣ್ಣ ವ್ಯತ್ಯಾಸ, ಕೈಗೆ ದೊಡ್ಡದು. ಮಕ್ಕಳ ಆಟಿಕೆ ಅಂತ ಯಾರಾದರೂ ಹೇಳಿದರೆ, ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಹಿಡಿದ ಪಿಟೀಲಿನಾಕಾರದ ಹಾಫ್ನರ್ ಕೂಡ ಶಾರ್ಟ್ ಸ್ಕೇಲೇ ಎಂದು ಹೇಳಿ.

ಮೇಷ್ಟ್ರು ಒಂದು ಬೆರಳಿಗೆ ಒಂದು ಫ್ರೆಟ್ ಎಂದು ಹಟ ಹಿಡಿಯುತ್ತಾರೇನೋ ಕೇಳಿ ನೋಡಿ. ನೆಕ್ಕಿನ ತಲೆಯ ಕಡೆ ಅದು ಚಿಕ್ಕ ಕೈಗೆ ಹಿಂಸೆ. ನಿಂತು ನುಡಿಸುವ ದೊಡ್ಡ ಡಬಲ್ ಬೇಸಿನವರು ಅಲ್ಲಿ ತೋರುಬೆರಳು, ನಡುಬೆರಳು, ಆಮೇಲೆ ಉಂಗುರ ಬೆರಳು ಕಿರುಬೆರಳು ಎರಡನ್ನೂ ಒಟ್ಟಿಗೆ ಇಟ್ಟು ನುಡಿಸುತ್ತಾರೆ. ನಾಲ್ಕು ಫ್ರೆಟ್ಟಿನ ಬದಲು ಮೂರೇ ಫ್ರೆಟ್, ಬೇಕಾದಾಗ ಕೈ ಜರುಗಿಸಿದರಾಯಿತು. ಮಗಳಿಗೆ ಇದನ್ನೇ ಕಲಿಸಲು ಹೇಳಿ. ಮಣಿಕಟ್ಟು ನೋಯುತ್ತಿದೆ ಅಂದರೆ ಅವತ್ತು ನಿಲ್ಲಿಸಬೇಕು, ಸಹಿಸಿಕೋ ಅನ್ನಬಾರದು. ಇನ್ನೊಂದು ಮಾತು, ಮುಂಬೈಯ ಬೇಸ್ ವಾದಕಿ ಮೋಹಿನಿ ಡೇ ನುಡಿಸುವುದನ್ನು ಮಗಳಿಗೆ ತೋರಿಸಿ. ಮೇಷ್ಟ್ರಿಗೂ ತೋರಿಸಿ.

ಪ್ರಶ್ನೆ: ನಮ್ಮದು ಭಾವಗೀತೆಯ ಗುಂಪು. ಹಾರ್ಮೋನಿಯಂ, ತಬಲಾ, ಕೀಬೋರ್ಡ್ ಜೊತೆ ನಾನು ಬೇಸ್. ಹಾಡುವವರಲ್ಲಿ ಒಬ್ಬರಿಗೆ ಕಪ್ಪು ಎರಡು ಬೇಕು, ಇನ್ನೊಬ್ಬರಿಗೆ ಕಪ್ಪು ನಾಲ್ಕು. ಅದು ಸಾಲದು ಅಂತ ಬೇಸ್ ಜಾಸ್ತಿ ಗುಂಯ್ ಅನ್ನುತ್ತದೆ, ತಬಲಾ ಕೇಳುವುದಿಲ್ಲ ಅಂತ ದೂರು. (ಓದುಗ, ಮಾಟುಂಗ)

ಉತ್ತರ: ಕಪ್ಪು ಎರಡು ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿ, ಡಿ ಶಾರ್ಪ್. ನಿಮ್ಮ ದಪ್ಪ ತಂತಿ ಇ, ಷಡ್ಜಕ್ಕಿಂತ ಬರೀ ಅರ್ಧ ಸ್ವರ ಮೇಲೆ. ಎಂಥ ಹೊಟ್ಟೆಯುರಿ! ಹಾಗಾಗಿ ಆ ಹಾಡುಗಳಿಗೆ ನಾಲ್ಕೂ ತಂತಿಗಳನ್ನು ಅರ್ಧ ಸ್ವರ ಇಳಿಸಿಬಿಡಿ. ದಪ್ಪ ತಂತಿಯೇ ಷಡ್ಜ ಆಗುತ್ತದೆ, ಬೆರಳಿಡದೆ ತಂಬೂರಿ ತರಹ ಬಿಡಬಹುದು. ಕಪ್ಪು ನಾಲ್ಕು ಜಿ ಶಾರ್ಪ್, ಇಳಿಸದೆ ಇ ತಂತಿಯ ನಾಲ್ಕನೇ ಫ್ರೆಟ್, ಇಳಿಸಿದ್ದರೆ ಐದನೇದು. ಹಾಡಿನಿಂದ ಹಾಡಿಗೆ ಶ್ರುತಿ ಬದಲಿಸುತ್ತಾ ಕೂತರೆ ಸಭೆಯವರು ಎದ್ದು ಚಹಾಕ್ಕೆ ಹೋಗುತ್ತಾರೆ, ಆದ್ದರಿಂದ ಇಡೀ ಕಾರ್ಯಕ್ರಮ ಇಳಿಸಿಕೊಂಡೇ ನುಡಿಸಿ.

ತಬಲಾದವರ ದೂರು ನ್ಯಾಯವಾದದ್ದೇ. ಡಗ್ಗಾದ (ತಬಲಾ ಜೋಡಿಯ ದೊಡ್ಡದರ) ಗುಮಕೂ ನಿಮ್ಮ ಬೇಸೂ ಒಂದೇ ಜಾಗಕ್ಕೆ ಬಡಿದಾಡುತ್ತಿವೆ. ಮನೆಯಲ್ಲಿ ಪಾತ್ರೆ ತೊಳೆಯುವ ಸ್ಪಾಂಜ್ ಇದೆಯಲ್ಲ, ಹೊಸದರಿಂದ ಒಂದು ತುಂಡು ಕತ್ತರಿಸಿ ಬ್ರಿಡ್ಜ್ (ಬೇಸಿನ ಬುಡದಲ್ಲಿ ತಂತಿ ಕೂರುವ ಜಾಗ) ಹತ್ತಿರ ತಂತಿಗಳ ಕೆಳಗೆ ತುರುಕಿ. ಸ್ವರ ಗುಂಯ್ ಎಂದು ಎಳೆಯುವುದು ನಿಂತು ದುಂಡಗೆ, ಚುಟುಕಾಗಿ ಬರುತ್ತದೆ. ಇದು ಕಳ್ಳದಾರಿ ಅಲ್ಲ, ಹಳೆಯ ಪ್ರಿಸಿಷನ್ ಬೇಸಿನ ಬ್ರಿಡ್ಜ್ ಮುಚ್ಚಳದ ಒಳಗೆ ಕಂಪನಿಯೇ ಸ್ಪಾಂಜ್ ಇಟ್ಟು ಕೊಡುತ್ತಿತ್ತು. ನಯವಾದ ಫ್ಲಾಟ್‌ವೌಂಡ್ ತಂತಿ ಹಾಕಿದರೆ ಇನ್ನೂ ಒಳ್ಳೆಯದು. ಬೆರಳು ಜಾರುವ ಸರ್ರೆಂಬ ಸದ್ದೂ ಇಲ್ಲ, ಬಾಳಿಕೆಯೂ ಜಾಸ್ತಿ. ಮತ್ತೆ, ತಬಲಾದವರು ತಿಹಾಯಿ (ಮೂರು ಸಲ ಬರುವ ಮುಕ್ತಾಯದ ಪೆಟ್ಟು) ಹೊಡೆಯುವಾಗ ಸುಮ್ನೆ ಕೈ ಎತ್ತಿ ಕೂರಿ.

ಪ್ರಶ್ನೆ: ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಹಿಡಿದು ನುಡಿಸುವವರು ಬೇಸ್ ವಾದಕರೇ ಅಲ್ಲ ಅನ್ನುತ್ತಾನೆ ಗೆಳೆಯ. ಸ್ಲ್ಯಾಪ್ ಬರದಿದ್ದರೆ ಬ್ಯಾಂಡಿಗೆ ಸೇರಿಸುವುದಿಲ್ಲವಂತೆ. (ಓದುಗ, ಠಾಣೆ)

ಉತ್ತರ: ಅಮೆರಿಕದ ಸ್ಟುಡಿಯೋಗಳಲ್ಲಿ ಲೆಕ್ಕವಿಲ್ಲದಷ್ಟು ರೆಕಾರ್ಡಿಂಗ್ ಮಾಡಿದ ಕ್ಯಾರಲ್ ಕೇ ನುಡಿಸಿದ್ದು ಪಿಕ್ಕಿನಲ್ಲೇ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ಒಂದು ಬೆರಳಿನಲ್ಲಿ ನುಡಿಸಿದರು, ತಂತಿ ತುಂಡಾಗುವವರೆಗೆ ಬದಲಿಸುತ್ತಿರಲಿಲ್ಲ. ಸ್ಲ್ಯಾಪ್ ಹುಟ್ಟಿದ್ದೂ ಶೋಕಿಗಲ್ಲ. ಅಮೆರಿಕದ ಬೇಸ್ ವಾದಕ ಲ್ಯಾರಿ ಗ್ರಹಾಂ ತಾಯಿಯ ಜೊತೆ ನುಡಿಸುವಾಗ ಡ್ರಮ್ಸಿನವರು ಇರಲಿಲ್ಲ, ಆ ಜಾಗ ತುಂಬಲು ಹೆಬ್ಬೆರಳಿನಲ್ಲಿ ತಂತಿ ಬಡಿದು ಬೆರಳಿನಲ್ಲಿ ಚಿಮ್ಮಿಸಲು ಶುರು ಮಾಡಿದರು. ನಿಮ್ಮ ಬ್ಯಾಂಡಿನಲ್ಲಿ ಡ್ರಮ್ಮರ್ ಇದ್ದಾರಲ್ಲ?

ಇಲ್ಲೇ ಮುಂಬೈಯಲ್ಲಿ ಆರ್.ಡಿ. ಬರ್ಮನ್ ತಂಡದ ಬೇಸ್ ಟೋನಿ ವಾಜ್ ಅವರದ್ದು. ಆ ಕಾಲದ ಹಾಡುಗಳನ್ನು ಹೆಡ್‌ಫೋನ್ ಹಾಕಿ ಕೇಳಿ, ಬೇಸನ್ನು ಮಾತ್ರ ಹಿಂಬಾಲಿಸಿ. ಆಮೇಲೆ ಇಳಯರಾಜಾ ಕೇಳಿ. ಹಾಡುವವರ ದಾರಿ ಒಂದು, ಬೇಸಿನ ದಾರಿ ಇನ್ನೊಂದು, ಎರಡೂ ಹಾಡುತ್ತಿರುತ್ತವೆ. ಗೆಳೆಯನಿಗೆ ಅದರಲ್ಲಿ ಒಂದನ್ನು ಪೂರ್ತಿ ನುಡಿಸಿ ತೋರಿಸಲು ಹೇಳಿ, ಪಿಕ್ಕಿನಲ್ಲೋ ಬೆರಳಿನಲ್ಲೋ ಅವನಿಷ್ಟ.

ಪ್ರಶ್ನೆ: ಮಳೆಗಾಲ ಬಂತೆಂದರೆ ನನ್ನ ಬೇಸ್ ಕೆಟ್ಟ ಹಾಗೆ ಆಗುತ್ತದೆ. ತಂತಿ ತುಕ್ಕು, ಮೊದಲ ಫ್ರೆಟ್ಟುಗಳಲ್ಲಿ ಕಿರಕಿರ. (ಓದುಗ, ವಾಸ್ಕೊ, ಗೋವಾ)

ಉತ್ತರ: ಸಮುದ್ರದ ಉಪ್ಪುಗಾಳಿ, ಮೇಲೆ ಮಳೆ, ಇನ್ನೇನಾಗುತ್ತದೆ? ತೇವಕ್ಕೆ ಮರ ಉಬ್ಬುತ್ತದೆ, ನೆಕ್ಕಿನ ಬಾಗು ಬದಲಾಗುತ್ತದೆ. ತಲೆಯ ಕಡೆಯ ಫ್ರೆಟ್ಟುಗಳಲ್ಲಿ ಮಾತ್ರ ಕಿರಕಿರ ಇದ್ದರೆ ಸಾಮಾನ್ಯವಾಗಿ ನೆಕ್ ಜಾಸ್ತಿ ನೆಟ್ಟಗಾಗಿದೆ ಎಂದರ್ಥ. ಸರಿಯಾದ ಅಳತೆಯ ಅಲೆನ್ ಕೀ ಹಾಕಿ ಟ್ರಸ್ ರಾಡನ್ನು ಅಪ್ರದಕ್ಷಿಣವಾಗಿ ಕಾಲು ಸುತ್ತು ಸಡಿಲಿಸಿ, ಒಂದು ರಾತ್ರಿ ಬಿಡಿ, ಬೆಳಿಗ್ಗೆ ನೋಡಿ. ಒಂದೇ ಸಲಕ್ಕೆ ಅದಕ್ಕಿಂತ ಜಾಸ್ತಿ ತಿರುಗಿಸಬೇಡಿ. ಮಳೆ ಮುಗಿದು ಗಾಳಿ ಒಣಗಿದ ಮೇಲೆ ಮತ್ತೆ ನೋಡಬೇಕಾಗುತ್ತದೆ. ವರ್ಷಕ್ಕೆ ಎರಡು ಸಲ ಈ ಕೆಲಸ ಇದ್ದದ್ದೇ.

ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸಿ, ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹಳೆಯ ತಂತಿ ಮಂಕಾದರೆ ನೀರಿನಲ್ಲಿ ಕುದಿಸಿ ಚೆನ್ನಾಗಿ ಒಣಗಿಸಿ ಹಾಕಬಹುದು, ಕೊಳೆ ಬಿಟ್ಟು ಸ್ವಲ್ಪ ದಿನ ಜೀವ ಬರುತ್ತದೆ. ತುಕ್ಕು ಹಿಡಿದದ್ದಕ್ಕೆ ಈ ಉಪಾಯ ಇಲ್ಲ. ಮತ್ತೆ, ಸಾರು ಮಾಡುವ ಪಾತ್ರೆ ತೆಗೆದುಕೊಳ್ಳಬೇಡಿ, ಮನೆಯಲ್ಲಿ ಜಗಳ ಆಗುತ್ತದೆ.

ಪ್ರಶ್ನೆ: ಗೆಳೆಯನ ಗಿಟಾರ್ ಆಂಪಿಗೆ ಬೇಸ್ ಹಾಕಬಹುದಾ? ಸ್ಟೇಜಿಗೆ ಎಷ್ಟು ವ್ಯಾಟ್ ಬೇಕು? ಬಿಲ್ಡಿಂಗಿನಲ್ಲಿ ಈಗಾಗಲೇ ಗಲಾಟೆ ಆಗಿದೆ. (ಓದುಗ, ಘಾಟ್ಕೋಪರ್)

ಉತ್ತರ: ಸಣ್ಣ ಸೌಂಡಿನಲ್ಲಿ ಹಾಕಬಹುದು. ಜೋರು ಮಾಡಿದರೆ ಗಿಟಾರಿನ ಸ್ಪೀಕರ್ ಹರಿದು ಹೋಗಬಹುದು, ಗೆಳೆತನವೂ ಹೋಗಬಹುದು. ಡ್ರಮ್ಸ್ ಜೊತೆ ನುಡಿಸಲು 200-300 ವ್ಯಾಟಿನ ಬೇಸ್ ಆಂಪ್ ಬೇಕು. 1969ರ ಆಂಪೆಗ್ ಎಸ್‌ವಿಟಿ 300 ವ್ಯಾಟಿನದು, ಎತ್ತಲು ಇಬ್ಬರು ಬೇಕು. ಈಗಿನ ಕ್ಲಾಸ್ ಡಿ ಎಂಬ ಹಗುರ ಆಂಪ್‌ಗಳು ಅಷ್ಟೇ ಶಕ್ತಿ ಕೊಟ್ಟು ಹೆಗಲ ಚೀಲದಲ್ಲಿ ಕೂರುತ್ತವೆ. ಆದರೆ ನಮ್ಮ ಊರಿನ ಹೆಚ್ಚಿನ ಸಭಾಂಗಣಗಳಲ್ಲಿ ಸೌಂಡ್ ಸಿಸ್ಟಮ್ ಇದ್ದೇ ಇರುತ್ತದೆ, ಬೇಸಿನ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಒಂದು ಡಿಐ ಬಾಕ್ಸ್ ಇದ್ದರೆ ಮಿಕ್ಸರಿಗೆ ನೇರ ಕೊಡಬಹುದು. ಮೊದಲು ಅದನ್ನೇ ಕೊಳ್ಳಿ. ಮನೆಯಲ್ಲಿ ಹೆಡ್‌ಫೋನ್. ಬೇಸಿನ ಸ್ವರ ಗೋಡೆ ದಾಟಿ ಹೋಗುತ್ತದೆ, ಪಕ್ಕದ ಮನೆಯವರದ್ದು ತಪ್ಪಿಲ್ಲ.

ಸೆಕೆಂಡ್ ಹ್ಯಾಂಡ್ ಆಂಪ್ ಹೆಡ್ (ಸ್ಪೀಕರ್ ಇಲ್ಲದ ಆಂಪ್) ಕೊಂಡರೆ ಅದರ ಹಿಂಬದಿಯಲ್ಲಿ ಬರೆದ ಓಮ್ (ವಿದ್ಯುತ್ ತಡೆಯ ಅಳತೆ) ಲೆಕ್ಕ ನೋಡಿ. 8 ಓಮಿನ ಎರಡು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಸೇರಿಸಿದರೆ 4 ಆಗುತ್ತದೆ. ಆಂಪ್ ಅಷ್ಟಕ್ಕೆ ಇಳಿಯುವುದಿಲ್ಲ ಎಂದಾದರೆ ಒಂದೇ ಹಾಕಿ. ಹೆಡ್ಡಿನಿಂದ ಕ್ಯಾಬಿನೆಟ್ಟಿಗೆ ಸ್ಪೀಕರ್ ಕೇಬಲ್ಲೇ ಬೇಕು, ನೋಡಲು ಒಂದೇ ತರಹ ಇದೆ ಎಂದು ಗಿಟಾರ್ ಕೇಬಲ್ ಚುಚ್ಚಬೇಡಿ.

ಪ್ರಶ್ನೆ: ಐದು ತಂತಿಯ ಆ್ಯಕ್ಟಿವ್ ಬೇಸ್ ಕೊಂಡೆ. ವಾರಕ್ಕೊಂದು 9 ವೋಲ್ಟ್ ಬ್ಯಾಟರಿ ತಿನ್ನುತ್ತಿದೆ. ಕೆಟ್ಟಿದೆಯಾ? (ಓದುಗ, ಮಡಗಾಂವ್)

ಉತ್ತರ: ಬಹುಶಃ ಇಲ್ಲ. ಇಂಥ ಬೇಸ್‌ಗಳಲ್ಲಿ ಕೇಬಲ್ ಚುಚ್ಚಿದ ಕೂಡಲೇ ಒಳಗಿನ ಪ್ರಿಆಂಪ್ (ಬ್ಯಾಟರಿಯಿಂದ ನಡೆಯುವ ಪುಟ್ಟ ಆಂಪ್) ಆನ್ ಆಗುತ್ತದೆ, ನುಡಿಸಿದರೂ ನುಡಿಸದಿದ್ದರೂ ಬ್ಯಾಟರಿ ಖಾಲಿಯಾಗುತ್ತಿರುತ್ತದೆ. ನುಡಿಸಿ ಆದ ಮೇಲೆ ಕೇಬಲ್ ಕಿತ್ತಿಡಿ. ಹಾಗೆ ಮಾಡಿದರೂ ವಾರದಲ್ಲಿ ಮುಗಿದರೆ ಜಾಕ್ ಬದಲಿಸಲು ಕೊಡಿ.